ಅಡುಗೆಮನೆ ಬಾಗಿಲಿನ ಏಲಕ್ಕಿ

ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಹಡಗಿನ ಅಡುಗೆಯವರಿಗೆ, ಅದಕ್ಕೂ ಮೊದಲು ನನ್ನವರಿಗೆ,

ನಾವೆಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಮುಂದೆ ಹೋಗಲಿಲ್ಲ. ಆದ್ದರಿಂದ ಇದ್ದೇವೆ ಎಂದಷ್ಟೇ ಇಟ್ಟುಕೊಳ್ಳಿ. ನಿಮ್ಮ ಎರಡು ಪತ್ರಗಳೂ ಬಂದು ಸೇರಿವೆ. ಮೊದಲನೆಯದಕ್ಕೆ ಉತ್ತರ ಬರೆಯದೆ ಕೂತದ್ದಕ್ಕೆ ಎರಡನೆಯದರಲ್ಲಿ "ಮಹಾರಾಣಿಯವರಿಗೆ ಪುರುಸೊತ್ತಿಲ್ಲವೋ, ಸಿಟ್ಟೋ?" ಎಂದು ಕೇಳಿದ್ದೀರಿ. ಸಿಟ್ಟಲ್ಲ ಕಣ್ರೀ. ಸಿಟ್ಟು ಬಂದಿದ್ದರೆ ಅವತ್ತೇ ಬರೆದು ಬಿಸಾಕುತ್ತಿದ್ದೆ, ಅದು ನಿಮಗೂ ಗೊತ್ತು. ಏನು ಬರೆಯಬೇಕು ಎಂದೇ ತೋಚಲಿಲ್ಲ. ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅತ್ತೆ ಎದುರಿಗೇ ಕೂತಿದ್ದಾರೆ. ಅವರ ಕಣ್ಣು ಈಗ ಅಕ್ಷರಕ್ಕೆ ಆಗುವುದಿಲ್ಲ, ಕಿವಿ ಮಾತ್ರ ಮೊದಲಿಗಿಂತ ಚುರುಕು. ನಾನು ಬರೆದದ್ದನ್ನೆಲ್ಲ ಓದಿ ಹೇಳದೆ ಲಕೋಟೆಗೆ ಅಂಟು ಹಚ್ಚುವಂತಿಲ್ಲ ಎಂಬ ಈ ಮನೆಯ ಕಾನೂನು ಇನ್ನೂ ಜಾರಿಯಲ್ಲಿದೆ. ನಿಮ್ಮ ಪತ್ರವನ್ನು ನಿಮ್ಮ ಮಗಳು ಗಿಣಿ ಜೋರಾಗಿ ಓದುತ್ತಾಳೆ, ನನ್ನ ಪತ್ರವನ್ನು ನಾನೇ ಓದಬೇಕು. ಇದು ಗಂಡಹೆಂಡತಿಯ ಪತ್ರವೋ, ಊರಿಗೆ ಸಾರುವ ಡಂಗುರವೋ! ಈಗಷ್ಟೇ "ಏನು ಒಬ್ಬಳೇ ನಗ್ತಿದೀಯ? ನನ್ನ ವಿಷಯ ಬರೆದೆಯಾ?" ಎಂದರು. ಹೌದು ಎಂದೆ. "ಮೊಣಕಾಲು ನೋವು ಅಂತ ಬರೀಬೇಡ, ಅಲ್ಲಿ ಅವನು ಊಟ ಬಿಡ್ತಾನೆ" ಎಂದರು. ಸರಿ, ಮೊಣಕಾಲಿನ ವಿಷಯ ನಾನು ಬರೆಯಲಿಲ್ಲ, ನೀವು ಓದಲಿಲ್ಲ.

ಗಿಣಿ ಈ ವರ್ಷ ಉದ್ದವಾಗಿದ್ದಾಳೆ, ಫ್ರಾಕುಗಳೆಲ್ಲ ಮೊಣಕಾಲಿನ ಮೇಲೆ ಹೋಗಿವೆ. ಬಾಯಿ ಮಾತ್ರ ಹಾಗೇ ಇದೆ, ಬೆಳಗಾದರೆ ಶುರು, ಮಲಗಿದರೆ ಬಂದ್. ಬಾಗಿಲ ಹಿಂದಿನ ಮೊಳೆಗೆ ನಿಮ್ಮ ಹಳೆ ಅಂಗಿ ನೇತುಹಾಕಿದ್ದೇನಲ್ಲ, ಸ್ಕೂಲಿಂದ ಬಂದವಳೇ ಅದರ ಎದುರು ನಿಂತು ಅವತ್ತಿನ ಚಾಡಿಯನ್ನೆಲ್ಲ ಹೇಳುತ್ತಾಳೆ. ಅಪ್ಪ ಬಂದ ಮೇಲೆ ಮಾತಾಡಲು ನಾಚಿಕೆ ಆಗಬಾರದು ಎಂದು ಅಭ್ಯಾಸವಂತೆ. ನಿಮ್ಮ ಎರಡನೆಯ ಪತ್ರವನ್ನು ಅವಳೇ ಓದಿದಳು. "ಹೊಸ ವರ್ಷಕ್ಕೆ ಹಡಗಿನ ಕರಾರು ಮುಗಿಯುತ್ತದೆ, ಈ ಸಲ ಮತ್ತೆ ಸಹಿ ಹಾಕುವುದಿಲ್ಲ, ತೋಟ ನೋಡಿಕೊಂಡು ಮನೆಯಲ್ಲೇ ಇರುತ್ತೇನೆ" ಎಂಬ ಸಾಲನ್ನು ನಾಲ್ಕು ಸಲ ಓದಿದಳು. ಆಮೇಲೆ ಹೋಗಿ ಅಂಗಿಗೆ ಹೇಳಿ ಬಂದಳು.

ಆ ವಿಷಯಕ್ಕೆ ಬರುತ್ತೇನೆ. ಮೊದಲು ನಿಮ್ಮ ಕಪ್ತಾನರ ಬನ್ನಿನ ವಿಷಯ ಮುಗಿಸುತ್ತೇನೆ, ಅದು ಸುಲಭ.

ಇದರ ಜೊತೆ ಬಟ್ಟೆಯ ಚಿಕ್ಕ ಗಂಟಿನಲ್ಲಿ ಏಲಕ್ಕಿ ಇಟ್ಟಿದ್ದೇನೆ. ಒಂದು ಹಿಡಿಯೂ ಇಲ್ಲ. ಆ ಹಡಗಿನ ಹಂಡೆಗೆ ಸುರಿದುಬಿಡಬೇಡಿ, ಇದು ನಿಮ್ಮೊಬ್ಬರಿಗೆ. ಬನ್ ಕಚ್ಚಿದ ಕಪ್ತಾನರು ಮುಖ ಸಿಂಡರಿಸಿದರು, ಏಲಕ್ಕಿ ಕಹಿಯಾದದ್ದು ಯಾಕೆ ಎಂದು ಕೇಳಿದ್ದೀರಿ. ಸಿಪ್ಪೆ ಸಮೇತ ಪುಡಿ ಮಾಡಿ, ಡಬ್ಬಿಗೆ ತುಂಬಿ, ವಾರಗಟ್ಟಲೆ ಅದನ್ನೇ ಹಾಕುತ್ತಾ ಇದ್ದರೆ ಕಹಿಯಾಗದೆ ಜೇನಾಗುತ್ತದೆಯೇ? ದಯವಿಟ್ಟು ಅಲ್ಲಿ ಯಾರಿಗೂ ಏಲಕ್ಕಿ ತೋಟದ ಯಜಮಾನ ಎಂದು ಹೇಳಿಕೊಳ್ಳಬೇಡಿ, ಮಾನ ಹೋಗುತ್ತದೆ. ಬೇಕಾದಾಗ ಬೇಕಾದಷ್ಟೇ ಸುಲಿಯಿರಿ. ಒಳಗಿನ ಕರಿ ಬೀಜ ಮಾತ್ರ ತೆಗೆದು, ಒಂದು ಚಮಚ ಸಕ್ಕರೆ ಸೇರಿಸಿ ಕುಟ್ಟಿ. ಬರೀ ಬೀಜ ಕುಟ್ಟಿದರೆ ಜಾರಿಕೊಂಡು ಓಡುತ್ತದೆ, ಪರಿಮಳವೆಲ್ಲ ಕಲ್ಲಿಗೆ ಹತ್ತುತ್ತದೆ. ಸಕ್ಕರೆ ಇದ್ದರೆ ಅದೇ ಹಿಡಿದಿಟ್ಟುಕೊಳ್ಳುತ್ತದೆ. ಬನ್ನಿನ ಹಿಟ್ಟಿಗೆ ಅದನ್ನು ತಣ್ಣನೆಯ ಬೆಣ್ಣೆಯ ಜೊತೆ ನಾದಿ. ಕಾದ ಬೆಣ್ಣೆಗೆ ಹಾಕಿದರೆ ಬೀಜ ಸೀದು ಔಷಧಿ ವಾಸನೆ ಬರುತ್ತದೆ.

ಹಾಲಲ್ಲಿ ಅಕ್ಕಿ ಬೇಯಿಸುವಾಗಲೂ ಹಾಗೇ. ಸಣ್ಣ ಉರಿಯಲ್ಲಿ ಅಕ್ಕಿ ಕರಗುವವರೆಗೆ ಬೇಯಲಿ, ಸಕ್ಕರೆ ಹಾಕಿ, ಪಾತ್ರೆ ಕೆಳಗಿಳಿಸಿದ ಮೇಲೆ ಏಲಕ್ಕಿ ಉದುರಿಸಿ ತಕ್ಷಣ ಮುಚ್ಚಿ. ಘಮ ನೋಡೋಣ ಎಂದು ಮುಚ್ಚಳ ತೆಗೆದು ತೆಗೆದು ಮೂಗು ಇಡಬೇಡಿ, ನಿಮ್ಮ ಅಭ್ಯಾಸ ನನಗೆ ಗೊತ್ತು. ಚಹಾಕ್ಕಾದರೆ ಸುಲಿಯುವುದೇ ಬೇಡ, ಕಾಯಿಯನ್ನು ಒಂದೇಟು ಜಜ್ಜಿ ತಣ್ಣೀರಿಗೇ ಹಾಕಿ ಕುದಿಸಿ, ಆಮೇಲೆ ಚಹಾ ಸೊಪ್ಪು, ಕೊನೆಗೆ ಹಾಲು. ಮಾಂಸದ ಸಾರಿಗೆ ಇಡೀ ಕಾಯಿ ಎಣ್ಣೆಯಲ್ಲಿ ಉಬ್ಬಬೇಕು, ಬಡಿಸುವ ಮೊದಲು ಹುಡುಕಿ ತೆಗೆಯಬೇಕು, ಇಲ್ಲದಿದ್ದರೆ ಅದನ್ನು ಕಚ್ಚಿದವನು ಅಡುಗೆಯವನ ವಂಶವನ್ನೇ ನೆನೆಸಿಕೊಳ್ಳುತ್ತಾನೆ. ಕಳಿತ ಬಾಳೆಹಣ್ಣು ಉಳಿದರೆ ಉದ್ದಕ್ಕೆ ಸೀಳಿ ಬೆಣ್ಣೆಯಲ್ಲಿ ಬಾಡಿಸಿ, ಸಕ್ಕರೆ ಕರಗಿದ ಮೇಲೆ ಏಲಕ್ಕಿ. "ಚಿಟಿಕೆ ಉಪ್ಪು ಅಂತ ಬರಿ, ಅದಿಲ್ದೆ ಅದು ಸಪ್ಪೆ" ಎನ್ನುತ್ತಿದ್ದಾರೆ ಅತ್ತೆ. ಚಿಟಿಕೆ ಉಪ್ಪು. ಸುಲಿದ ಸಿಪ್ಪೆ ಎಸೆಯಬೇಡಿ, ಸಕ್ಕರೆ ಡಬ್ಬಿಯಲ್ಲಿ ಹೂತಿಡಿ, ತಿಂಗಳು ಕಳೆದರೂ ಘಮ್ಮೆನ್ನುತ್ತದೆ.

ಇಷ್ಟೆಲ್ಲ ಹೇಳಿಕೊಡುವ ಅತ್ತೆ ಈಚೆಗೆ ತಮ್ಮ ಚಹಾಕ್ಕೆ ಏಲಕ್ಕಿ ಹಾಕಿಸಿಕೊಳ್ಳುವುದಿಲ್ಲ. ಕೇಳಿದರೆ ಎದೆ ಉರಿ ಎನ್ನುತ್ತಾರೆ.

ಈಗ ತೋಟದ ವಿಷಯ. ಗಟ್ಟಿ ಮನಸ್ಸು ಮಾಡಿಕೊಂಡು ಓದಿ, ಸಾಧ್ಯವಾದರೆ ಕೂತುಕೊಂಡು ಓದಿ.

ಮೊದಲ ಸುತ್ತಿನ ಕೊಯ್ಲು ಚೆನ್ನಾಗಿಯೇ ಆಯಿತು. ಎಡಗೈ ಅಕ್ಕ ಮತ್ತು ಅವಳ ಜೊತೆಯ ಹೆಂಗಸರು ಬಂದಿದ್ದರು. ನಿಮಗೆ ನೆನಪಿದೆಯಲ್ಲ, ನಾವು ಮದುವೆಯಾದ ವರ್ಷದಿಂದ ನಮ್ಮಲ್ಲಿ ಕೊಯ್ಯುವವಳು, ಎಡಗೈಯಲ್ಲಿ ಕೊಯ್ದು ಬಲಗೈಯಲ್ಲಿ ಜಗಳ ಆಡುವವಳು. ಎರಡನೆಯ ಸುತ್ತಿನಲ್ಲಿ ಅವಳು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತವಳು ಅಲ್ಲಿಂದಲೇ ಕೂಗಿದಳು. "ಇಲ್ಲಿ ಬಾ ತಾಯಿ. ಈ ಎಲೆ ನೋಡು, ಯಾಕೋ ನಂಗೆ ಸರಿ ಕಾಣ್ತಿಲ್ಲ." ಹೊಸ ಎಲೆ. ನಡುವಿನ ನರದಿಂದ ಅಂಚಿನವರೆಗೆ ಬಿಳಿಚಿಕೊಂಡ ಗೆರೆಗಳು, ಬಾಚಣಿಗೆಯಲ್ಲಿ ಎಳೆದ ಹಾಗೆ. ಬುಡದಲ್ಲಿ ಗೊಂಚಲು ಗಿಡ್ಡ, ಎರಡು ಮೂರು ಕಾಯಿ, ಅಷ್ಟೇ. ತಲೆ ಮೇಲೆ ಹೋಗಬೇಕಾದ ಗಿಡ ಸೊಂಟದ ಹತ್ತಿರವೇ ನಿಂತಿದೆ. ನಾವಿಬ್ಬರೂ ಸಾಲು ಹಿಡಿದು ನಡೆದೆವು. ನಡೆದಷ್ಟೂ ಅದೇ ಎಲೆ.

ತೋಟಗಾರಿಕೆ ಕಚೇರಿಗೆ ಹೇಳಿ ಕಳಿಸಿದೆ. ಕನ್ನಡಕ ಹಾಕಿದ ಒಬ್ಬ ಹೆಣ್ಣುಮಗಳು ಬಂದಳು, ವಯಸ್ಸು ಚಿಕ್ಕದು, ಒಳ್ಳೆಯವಳು. ಪ್ರತಿ ಗಿಡದ ಎಳೆ ಎಲೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದಳು. ಇದಕ್ಕೆ ಕಟ್ಟೆರೋಗ ಎನ್ನುತ್ತಾರಂತೆ. ನಮ್ಮ ಸುತ್ತಮುತ್ತ ಇದನ್ನು ಕಂಡವರೇ ಇರಲಿಲ್ಲ. ರೋಗ ಇರುವ ಗಿಡಕ್ಕೆ ಗುರುತಿಗೆ ಕೆಂಪು ಬಟ್ಟೆ ಕಟ್ಟುತ್ತಾ ಹೋದಳು. ಬಟ್ಟೆ ಮುಗಿಯುತ್ತಾ ಬಂತು. "ಅಮ್ಮ, ಇದು ಸಾಕಾಗಲ್ಲ. ಕಟ್ಟಿದ್ದನ್ನು ಬಿಚ್ಚಿ, ಚೆನ್ನಾಗಿರೋ ಗಿಡಕ್ಕೆ ಕಟ್ಟೋಣ" ಎಂದಳು. ಬಿಚ್ಚಿದೆವು. ಚೆನ್ನಾಗಿರುವುದಕ್ಕೆ ಕಟ್ಟಿದೆವು. ಕೊನೆಗೆ ಅವಳ ಕೈಯಲ್ಲಿ ಕೆಂಪು ಬಟ್ಟೆ ಬಹಳ ಉಳಿದಿತ್ತು.

"ಔಷಧ ಹೊಡೆದರೆ?" ಎಂದು ಕೇಳಿದೆ. "ಔಷಧ ಇಲ್ಲಮ್ಮ. ಗಿಡದ ಹೇನು ಒಂದರಿಂದ ಒಂದಕ್ಕೆ ಹಚ್ಚುತ್ತೆ. ಇವತ್ತು ಚೆನ್ನಾಗಿ ಕಾಣೋದು ನಾಳೆ ಇರಲ್ಲ. ಎಲ್ಲಾ ಕೀಳಿಸಿ, ಹೂಳಿಸಿ. ಭೂಮಿ ಕೆಲವು ವರ್ಷ ಖಾಲಿ ಬಿಡಿ, ಆಮೇಲೆ ನೋಡೋಣ" ಎಂದಳು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಎಲ್ಲಿಂದ ಬಂತೋ ಯಾರಿಗೆ ಗೊತ್ತು. ಗಾಳಿಯೋ, ಯಾರ ಕಣ್ಣೋ, ನಮ್ಮ ಗ್ರಹಚಾರವೋ. ಬಂತು.

ಕೀಳುವ ಮೊದಲು ಇದ್ದಬದ್ದ ಕಾಯಿಯನ್ನೆಲ್ಲ ಕೊಯ್ದುಕೊಳ್ಳೋಣ ಎಂದುಕೊಂಡೆವು. ಅದೇ ನೋಡಿ ನೋಡಲಾಗದ ಕೆಲಸ. ಏಲಕ್ಕಿ ಕೊಯ್ಯುವುದು ಎಂದರೆ ಬಿಡುವುದು ಎಂದು ನೀವೇ ಹೇಳುತ್ತಿದ್ದಿರಿ. ಹೊರಗೆ ಹಸಿರಿದ್ದು ಒಳಗೆ ಬೀಜ ಕಪ್ಪಾದದ್ದನ್ನು ಮಾತ್ರ ಚಿವುಟಿ, ಅದೇ ಗೊಂಚಲಿನ ಎಳೆಯದನ್ನು ಮುಂದಿನ ಸುತ್ತಿಗೆ ಬಿಡಬೇಕು. ಈ ಸಲ ಮುಂದಿನ ಸುತ್ತೇ ಇಲ್ಲ, ಎಳೆಯದನ್ನೂ ಕಿತ್ತುಕೊಳ್ಳಿ ಎಂದೆ. ಎಡಗೈ ಅಕ್ಕ ಹೂಂ ಎಂದಳು, ಸಾಲು ಮುಗಿಸಿ ಎದ್ದಳು. ಹಿಂದೆ ತಿರುಗಿ ನೋಡಿದರೆ ಎಳೆ ಕಾಯಿಗಳೆಲ್ಲ ಹಾಗೇ ಇವೆ. "ಅಯ್ಯೋ, ಕೈ ಕೇಳಲ್ಲ ಕಣೇ" ಎಂದು ಮತ್ತೆ ಅದೇ ಸಾಲಿಗೆ ಕೂತಳು. ಎರಡನೇ ಸಲವೂ ಅಷ್ಟೇ, ಅರ್ಧ ಬಿಟ್ಟು ಬಂದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಗೊಂಚಲನ್ನೇ ಕಿತ್ತು ಬುಟ್ಟಿಗೆ ಹಾಕಿದಳು. ಅವತ್ತು ಅವಳು ಯಾರ ಜೊತೆಗೂ ಜಗಳ ಆಡಲಿಲ್ಲ.

ಕಾಯಿ ಒಣಗಿಸುವ ಕೋಣೆಯ ಒಲೆಗೆ ಬೆಂಕಿ ಹಾಕಿದ್ದು ಅತ್ತೆಯೇ. ಒಲೆಯ ಬಾಯಲ್ಲಿ ಕೂತು, ಕೋಣೆಯೊಳಗೆ ಹಾಯುವ ಹೊಗೆ ಕೊಳವೆ ಕಾಯುವ ಸದ್ದಿಗೇ ಸೌದೆ ಎಷ್ಟು ಬೇಕೆಂದು ಅವರಿಗೆ ಗೊತ್ತಾಗುತ್ತದಲ್ಲ. ಜಾಲರಿಯ ಮೇಲೆ ಹರಡಿದ ಎಳೆ ಕಾಯಿ ಒಣಗಿ ಸುಕ್ಕಾಗಿ, ಹುಲ್ಲಿನ ಬಣ್ಣಕ್ಕೆ ಬಂತು. ಉಜ್ಜಿ ಜರಡಿ ಹಿಡಿದರೆ ಮೇಲೆ ಉಳಿದದ್ದಕ್ಕಿಂತ ಕೆಳಗೆ ಬಿದ್ದದ್ದೇ ಜಾಸ್ತಿ. ಅತ್ತೆ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದರು. "ವಾಸನೇನೇ ಇಲ್ಲ" ಎಂದು ಕೆಳಗಿಟ್ಟರು.

ಈಗ ಗುಡ್ಡದ ಇಳಿಜಾರು ಬೋಳು. ನೆರಳಿನ ಮರಗಳು ಮಾತ್ರ ನಿಂತಿವೆ, ಅವುಗಳ ಕೆಳಗೆ ಬರೀ ಗುಂಡಿಗಳು. ನೀವು ಹಡಗು ಹತ್ತುವ ಮೊದಲು ಒಂದೊಂದು ಗುಂಡಿಯನ್ನೂ ನೀವೇ ತೋಡಿದ್ದಿರಿ. ಈ ತೋಟ ನಮ್ಮನ್ನು ಸಾಕುವಷ್ಟು ಆಗುವವರೆಗೆ ಮಾತ್ರ ಸಮುದ್ರ, ಆಮೇಲೆ ಮನೆ ಎಂದಿದ್ದಿರಿ. ಆಗಿತ್ತು ಕಣ್ರೀ. ಈ ವರ್ಷ ಆಗಿತ್ತು.

ಪಕ್ಕದ ತೋಟದವರು ನಮ್ಮ ಬೇಲಿಯ ಹತ್ತಿರ ಬರುವುದಿಲ್ಲ. ನಮ್ಮ ಬಟ್ಟೆಯಲ್ಲಿ ಹೇನು ಹೋದೀತು ಎಂದು ಅವರ ಕೊಯ್ಲಿಗೆ ನನ್ನನ್ನು ಕರೆಯುವುದೂ ಇಲ್ಲ. ಬೈಯಲಾರೆ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಪೇಟೆಯ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಕೇಳಿದ್ದೇನೆ, ಮುಂದಿನ ವಾರದಿಂದ ಬಾ ಎಂದಿದ್ದಾರೆ. ಅಲ್ಲಿ ಏಲಕ್ಕಿ ಬಿಸ್ಕತ್ತಿಗೆ ಏಲಕ್ಕಿ ಹಾಕುವುದಿಲ್ಲ, ಸೀಸೆಯಿಂದ ಎರಡು ತೊಟ್ಟು ಎಸೆನ್ಸ್ ಬಿಡುತ್ತಾರೆ. ಆ ಸೀಸೆಯ ಮುಚ್ಚಳ ತೆಗೆದಾಗ ನನಗೆ ನಗು ಬಂತು, ಆಮೇಲೆ ಬೇರೆ ಏನೋ ಬಂತು.

ಆದ್ದರಿಂದ ಸಹಿ ಹಾಕಿ. ಹೊಸ ಕರಾರಿಗೆ ಸಹಿ ಹಾಕಿ, ಬರಬೇಡಿ.

ಇದನ್ನು ಬರೆಯುವುದಕ್ಕೇ ಇಷ್ಟು ದಿನ ಬೇಕಾಯಿತು. ಬಂದರೆ ಇಲ್ಲಿ ಏನು ಮಾಡುತ್ತೀರಿ? ಆ ಗುಂಡಿಗಳನ್ನು ನೋಡಿಕೊಂಡು ಜಗಲಿಯ ಮೇಲೆ ಕೂರುತ್ತೀರಿ, ನಾನು ನಿಮ್ಮನ್ನು ನೋಡಿಕೊಂಡು ಕೂರುತ್ತೇನೆ, ಮೂರು ತಿಂಗಳಲ್ಲಿ ಇಬ್ಬರಿಗೂ ಹುಚ್ಚು ಹಿಡಿಯುತ್ತದೆ. ನನಗೆ ನೀವು ಬೇಕು. ತುಂಬ ಬೇಕು. ಇದನ್ನು ಅತ್ತೆಯ ಮುಂದೆ ಓದಬೇಕಲ್ಲ ಎಂದು ನಾಚಿಕೆ, ಆದರೂ ಓದುತ್ತೇನೆ, ಅವರೂ ಒಂದು ಕಾಲಕ್ಕೆ ಯಾರದೋ ಹೆಂಡತಿಯಾಗಿದ್ದವರೇ ತಾನೆ. ಏನು ಬರೆಯಲಿ ಎಂದು ಅವರನ್ನೇ ಕೇಳಿದೆ. "ಬರಬೇಡ ಅಂತಾನೇ ಬರಿ" ಎಂದರು. "ನಾನಿರೋದ್ರೊಳಗೆ ಬಂದ್ರೆ ನೋಡ್ತೀನಿ, ಇಲ್ದಿದ್ರೆ ಇಲ್ಲ. ಇದನ್ನ ಬರೀಬೇಡ." ಬರೆದುಬಿಟ್ಟೆ. ಓದುವಾಗ ಈ ಸಾಲು ಹಾರಿಸುತ್ತೇನೆ.

ಗಿಣಿಗೆ ಇನ್ನೂ ಹೇಳಿಲ್ಲ. ಅವಳು ಅಂಗಿಗೆ ಏನು ಹೇಳುತ್ತಾಳೋ ಎಂದು ಹೆದರಿಕೆ.

ಹೋದ ಸಲದ ರಜೆಯಲ್ಲಿ ಬಂದರಿನ ಗೆಳೆಯರ ತೋಟದಿಂದ ತಂದು ನೀವು ಅಡುಗೆಮನೆ ಬಾಗಿಲ ಪಕ್ಕ ನನಗೆಂದು ನೆಟ್ಟುಹೋದ ಗಿಡ ಹೇಗಿದೆ, ಕಾಯಿ ಬಿಟ್ಟಿತೇ ಎಂದು ಎರಡೂ ಪತ್ರದಲ್ಲಿ ಕೇಳಿದ್ದೀರಿ. "ಚೆನ್ನಾಗಿದೆ ಅಂತ ಬರಿ" ಎಂದರು ಅತ್ತೆ. ಚೆನ್ನಾಗಿದೆ. ತೋಟದಿಂದ ದೂರ, ಮನೆಗೆ ಹತ್ತಿರ, ಅದಕ್ಕೇನೂ ಆಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಊರಿಗೆಲ್ಲ ಬಡಿಸಿ ತಾವು ತಳ ಕೆರೆದು ತಿನ್ನುವ ಬುದ್ಧಿ ಬಿಡಿ. ಅಮ್ಮನ ಆಶೀರ್ವಾದ ನಿಮ್ಮ ತಲೆಯ ಮೇಲೆ ಯಾವಾಗಲೂ ಇದೆ, "ನೂರು ವರ್ಷ ತಣ್ಣಗಿರಲಿ ನನ್ನ ಮಗ" ಎಂದರು. ಗಿಣಿಯ ಮುತ್ತು ಇಲ್ಲಿ ಬಲಗಡೆ ಮೂಲೆಯಲ್ಲಿ, ಬೆಲ್ಲದ ಕೈ, ಕಲೆಯಾಗಿದೆ.

ನಿಮ್ಮ
ಜಗಳಗಂಟಿ

ತಾ.ಕ.: ಮೇಲಿನದನ್ನೆಲ್ಲ ಓದಿ ಹೇಳಿದೆ. "ಸರಿ, ಅಂಟಿಸು" ಎಂದು ಅತ್ತೆ ಸ್ನಾನಕ್ಕೆ ಹೋದರು. ಹಾಳೆಯ ಈ ಬೆನ್ನಿನಲ್ಲಿ ಬರೆಯುವುದು ನಿಮಗೆ ಮಾತ್ರ.

ಅಡುಗೆಮನೆ ಬಾಗಿಲಿನ ಗಿಡ ಚೆನ್ನಾಗಿಲ್ಲ. ಅದು ಈಗ ಇಲ್ಲ. ಎಲ್ಲಕ್ಕಿಂತ ಮೊದಲು ಪಟ್ಟೆ ಬಂದದ್ದು ಅದಕ್ಕೇ. ನೀವು ಹೋಗಿ ಕೆಲವು ತಿಂಗಳಿಗೆ ಹೊಸ ಎಲೆಯಲ್ಲಿ ಗೆರೆ ಕಂಡಿತು. ಗಿಣಿ ರಿಬ್ಬನ್ ಎಂದಳು. ನಮಗೆ ಏನು ಗೊತ್ತು? ನೀವು ಅದು ಭಾರೀ ಜಾತಿಯ ಗಿಡ ಎಂದು ಹೊಗಳಿದ್ದಿರಲ್ಲ, ಆ ಜಾತಿಯ ಚೆಂದವೇ ಹಾಗೆ ಎಂದುಕೊಂಡೆವು. ಅತ್ತೆ ಬಂದವರಿಗೆಲ್ಲ "ನನ್ನ ಮಗ ತಂದ ಜಾತಿ, ಎಲೆ ನೋಡಿದ್ರೇ ಗೊತ್ತಾಗುತ್ತೆ" ಎಂದು ತೋರಿಸುತ್ತಿದ್ದರು. ಅದರ ಬುಡದಲ್ಲಿ ಎದ್ದ ಕಂದುಗಳನ್ನು ಒಡೆದು ಒಡೆದು, ಆ ಮೊಣಕಾಲು ಎಳೆದುಕೊಂಡು, ತೋಟದಲ್ಲಿ ಗಿಡ ಸತ್ತು ಖಾಲಿಯಾದ ಕಡೆಯೆಲ್ಲ ತಮ್ಮ ಕೈಯಾರೆ ನೆಟ್ಟರು. ನೀವು ಬರುವ ಹೊತ್ತಿಗೆ ತೋಟವೆಲ್ಲ ಆ ಜಾತಿಯೇ ಆಗಿರಲಿ ಎಂದು.

ಕನ್ನಡಕದ ಹುಡುಗಿ ಕೇಳಿದಳು, "ಹೊಸ ಕಂದು ಏನಾದ್ರೂ ಹೊರಗಿಂದ ತಂದು ನೆಟ್ಟಿದ್ರಾ?" ನಾನು ಬಾಯಿ ತೆಗೆಯುವ ಮೊದಲೇ ಅತ್ತೆ "ಇಲ್ಲ" ಎಂದುಬಿಟ್ಟರು. ಅವಳು ಹೋದ ಮೇಲೆ ಗುದ್ದಲಿ ತೆಗೆದುಕೊಂಡು ಆ ಗಿಡವನ್ನು ಅವರೇ ಅಗೆದರು, ಎಡಗೈ ಅಕ್ಕನನ್ನೂ ಮುಟ್ಟಗೊಡಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡು "ಅವನಿಗೆ ಗೊತ್ತಾಗಬಾರದು ಕಣೇ. ಆಸೆಯಿಂದ ತಂದಿದ್ದು. ಗೊತ್ತಾದ್ರೆ ಉಳಿಯಲ್ಲ ಅವನು" ಎಂದರು. ಗಿಣಿಯ ಹತ್ತಿರವೂ ಆಣೆ ಹಾಕಿಸಿಕೊಂಡಿದ್ದಾರೆ. ತಾವು ನೆಟ್ಟದ್ದರ ವಿಷಯ ಮಾತ್ರ ಒಂದಕ್ಷರ ಆಡುವುದಿಲ್ಲ, ನಾನೂ ಕೇಳುವುದಿಲ್ಲ. ಕೈ ತೊಳೆಯುತ್ತಲೇ ಇರುತ್ತಾರೆ.

ನಾನೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಆದರೆ ಈ ಸಲ ಒಂದು ಚೀಲ ತುಂಬ ಕಂದು ತರುತ್ತೇನೆ, ಗೆಳೆಯರಿಗೆ ಹೇಳಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಬೇಡ. ಇಲ್ಲಿಗೂ ಬೇಡ, ಇನ್ನು ಯಾರಿಗೂ ಕೊಡುವುದು ಬೇಡ. ಅವರ ತೋಟದ ಎಳೆ ಎಲೆಗಳನ್ನು ಬಿಸಿಲಿಗೆ ಎತ್ತಿ ನೋಡಿಕೊಳ್ಳಲು ಹೇಳಿ. ನಿಮ್ಮ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಬಸ್ಸಿನಲ್ಲಿ ಅಷ್ಟು ದೂರ ಒದ್ದೆ ಗೋಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಿರಿ, ಪ್ಯಾಂಟೆಲ್ಲ ಕೆಸರಾಗಿತ್ತು, ಅದೇ ಕಣ್ಣ ಮುಂದೆ ಬರುತ್ತದೆ.

ಗಂಟಿನಲ್ಲಿರುವ ಕಾಯಿ ಆ ಗಿಡದ್ದೇ. ಅಗೆಯುವ ಮೊದಲು ಅತ್ತೆ ಕೊಯ್ದು ಮಡಿಲಲ್ಲಿ ಹಾಕಿಕೊಂಡರು, ಬಲಿತದ್ದು ಮಾತ್ರ. ಬೇರೆಯಾಗಿ ಅಡುಗೆಮನೆಯ ಒಲೆಯ ಮೇಲೆ ಒಣಗಿಸಿ "ಅವನಿಗೆ ಕಳಿಸು, ಕಾಯಿ ಬಿಡ್ತಾ ಅಂತ ಕೇಳ್ತಾನಲ್ಲ" ಎಂದು ಕೊಟ್ಟರು. ಕಾಯಿಗೆ ರೋಗ ಇರುವುದಿಲ್ಲವಂತೆ, ಹುಡುಗಿ ಹೇಳಿದ್ದಾಳೆ. ಹಾಲಲ್ಲಿ ಅಕ್ಕಿ ಬೇಯಿಸಿಕೊಂಡು ತಿನ್ನಿ.

ಇನ್ನೊಂದು ಉಪಕಾರ ಮಾಡಬೇಕು. ಮುಂದಿನ ಪತ್ರದಲ್ಲೂ ಆ ಗಿಡ ಹೇಗಿದೆ ಎಂದು ಕೇಳಿ. ಪ್ರತಿ ಪತ್ರದಲ್ಲೂ ಮರೆಯದೆ ಕೇಳಿ. ಗಿಣಿ ಜೋರಾಗಿ ಓದುತ್ತಾಳೆ, ಅತ್ತೆ ಆ ಸಾಲಿಗೇ ಕಾದು ಕೂತಿರುತ್ತಾರೆ. ನೀವು ಕೇಳದೆ ಬಿಟ್ಟರೆ, ನಿಮಗೆ ಗೊತ್ತಾಗಿದೆ ಎಂದು ಅವರಿಗೆ ಅವತ್ತೇ ಗೊತ್ತಾಗಿಬಿಡುತ್ತದೆ. ಕೇಳಿ, ಚೆನ್ನಾಗಿದೆ ಎಂದು ಅವರು ಬರೆಸುತ್ತಾರೆ, ನಾನು ಬರೆಯುತ್ತೇನೆ.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಅಂಟಿಸುತ್ತೇನೆ.